ಮಂಡಕ್ಕಿ ಭಟ್ಟಿಯ ಉದ್ರಿ ಲೆಕ್ಕಕ್ಕೆ ಮೊಬೈಲ್ ಆ್ಯಪ್: ಮೊದಲು ಏನು ಕಲಿಯಲಿ?

ಪ್ರಶ್ನೆ (ಬಿ.ಸಿ.ಎ. ಕೊನೇ ವರ್ಷದ ವಿದ್ಯಾರ್ಥಿನಿ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನದು ಇಲ್ಲೇ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇದೆ. ಊರಿನ ಅಂಗಡಿಗಳಿಗೆ, ಹರಿಹರ, ಹೊಳಲ್ಕೆರೆ ಕಡೆಗೆ ಚೀಲಗಟ್ಟಲೆ ಹೋಗುತ್ತದೆ. ಬಹುಪಾಲು ಉದ್ರಿ. ಲೆಕ್ಕ ಎಲ್ಲ ಪುಸ್ತಕದಲ್ಲೇ. ಯಾರು ಎಷ್ಟು ಚೀಲ ಇಳಿಸಿಕೊಂಡರು, ಎಷ್ಟು ಕೊಟ್ಟರು, ಬಾಕಿ ಎಷ್ಟು ಅಂತ ತೋರಿಸುವ ಆ್ಯಪ್ ಮಾಡಿಕೊಡಬೇಕು ಅಂತ ಆಸೆ. ನನಗೆ ಜಾವಾ ಒಂದಿಷ್ಟು ಬರುತ್ತದೆ. ಒಬ್ಬರು ಆ್ಯಪ್ ಕಟ್ಟುವ ಸಲಕರಣೆ ಫ್ಲಟರ್ ಕಲಿ ಅಂತಾರೆ, ಇನ್ನೊಬ್ಬರು ಕೋಟ್ಲಿನ್ ಭಾಷೆ ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಆ್ಯಪ್ ಮಾಡಿ ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ದಾರಿ ತೋರಿಸಿ.

ಉತ್ತರ (ದಾವಣಗೆರೆ, ಆಂಡ್ರಾಯ್ಡ್ ಆ್ಯಪ್ ಬರೆಯುವವರು)

ತಂಗಿ, ಭಾಷೆಯ ಮಾತು ಆಮೇಲೆ ಆಡೋಣ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಒಂದಿದೆ. ಕಾಲೇಜಿನಲ್ಲಿ ಬರೆದ ಜಾವಾ ಪ್ರೋಗ್ರಾಂ ಮೇನ್ ಅನ್ನುವ ಭಾಗದಿಂದ ಶುರುವಾಗುತ್ತದೆ, ಕೆಲಸ ಮುಗಿಸಿ ನಿಲ್ಲುತ್ತದೆ. ಅಲ್ಲಿ ಯಜಮಾನಿಕೆ ನಿನ್ನದು. ಫೋನಿನಲ್ಲಿ ಹಾಗಲ್ಲ. ನಿನ್ನ ಆ್ಯಪ್ ಯಾವಾಗ ಮುಂದೆ ಬರಬೇಕು, ಯಾವಾಗ ಹಿಂದೆ ಸರಿಯಬೇಕು, ಯಾವಾಗ ಸಾಯಬೇಕು ಅನ್ನೋದನ್ನ ಆಪರೇಟಿಂಗ್ ಸಿಸ್ಟಂ ತೀರ್ಮಾನಿಸುತ್ತದೆ. ಆನ್‌ಕ್ರಿಯೇಟ್, ಆನ್‌ಪಾಸ್, ಆನ್‌ಸ್ಟಾಪ್ ಅಂತ ಅದು ಕರೆದಾಗ ನೀನು ಓಗೊಡಬೇಕು, ಅಷ್ಟೇ. ಇದನ್ನೇ ಲೈಫ್‌ಸೈಕಲ್ ಅಂತಾರೆ.

ನಿಮ್ಮ ಭಟ್ಟಿಯ ಕೆಲಸದಲ್ಲೇ ನೋಡು. ಗಾಡಿ ಹುಡುಗ ಹೊಳಲ್ಕೆರೆಯ ಒಂದು ಅಂಗಡಿ ಮುಂದೆ ಟಾಟಾ ಏಸ್ ನಿಲ್ಲಿಸಿ 15 ಚೀಲ ಇಳಿಸಿದ. ಆ್ಯಪ್‌ನಲ್ಲಿ ಅಂಗಡಿ ಹೆಸರು, ಚೀಲ, ದರ ಎಲ್ಲ ತುಂಬಿಸಿದ. ಉಳಿಸುವ ಮೊದಲು ಚೀಟಿಯ ಫೋಟೋ ಬೇಕು ಅಂತ ಕ್ಯಾಮೆರಾ ತೆರೆದ. ಕಡಿಮೆ ರ‍್ಯಾಮ್ ಇರುವ ಫೋನು. ಕ್ಯಾಮೆರಾಗೆ ಜಾಗ ಸಾಲದೆ ಸಿಸ್ಟಂ ಹಿಂದೆ ಇದ್ದ ನಿನ್ನ ಆ್ಯಪ್ಪನ್ನು ಸದ್ದಿಲ್ಲದೆ ಕೊಂದು ಹಾಕುತ್ತದೆ. ಅವನು ವಾಪಸ್ ಬಂದಾಗ ಪರದೆ ಮತ್ತೆ ಮೂಡುತ್ತದೆ. ಆದರೆ ತುಂಬಿಸಿದ್ದನ್ನು ನೀನು ಬರೀ ವೇರಿಯಬಲ್‌ನಲ್ಲಿ, ಅಂದರೆ ಆ್ಯಪ್ ಜೀವಂತ ಇರುವವರೆಗೆ ಮಾತ್ರ ಉಳಿಯುವ ಜಾಗದಲ್ಲಿ, ಇಟ್ಟಿದ್ದರೆ ಎಲ್ಲ ಖಾಲಿ. ಎರಡು ಸಲ ಹೀಗಾದರೆ ಅವನು ಮೂರನೇ ಸಲ ಆ್ಯಪ್ ತೆರೆಯೋದೇ ಇಲ್ಲ.

ಫೋನ್ ಅಡ್ಡ ತಿರುಗಿಸಿದರೂ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಅದಕ್ಕೆ ವ್ಯೂಮಾಡೆಲ್ ಸಾಕು, ಪರದೆ ಹೊಸದಾದರೂ ಅದರ ವಿವರ ಹಿಡಿದಿಡುವ ಭಾಗ ಅದು. ಆದರೆ ಸಿಸ್ಟಂ ಇಡೀ ಆ್ಯಪ್ಪನ್ನೇ ಕೊಂದರೆ ವ್ಯೂಮಾಡೆಲ್ ಕೂಡ ಹೋಗುತ್ತದೆ. ಅರ್ಧ ತುಂಬಿದ ವಿವರವನ್ನು ಸೇವ್ಡ್ ಸ್ಟೇಟ್‌ನಲ್ಲೋ (ಪರದೆಯ ಸಣ್ಣ ವಿವರವನ್ನು ಸಿಸ್ಟಂ ಕಾಪಾಡಿಡುವ ಜಾಗ) ಡೇಟಾಬೇಸ್‌ನಲ್ಲೋ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಪರದೆ ಕೆಡವೋದು, ಆ್ಯಪ್ ಕೊಲ್ಲೋದು, ಈ ಎರಡರ ವ್ಯತ್ಯಾಸ ಚೆನ್ನಾಗಿ ಕೂತರೆ ಅರ್ಧ ದಾರಿ ಬಂದ ಹಾಗೆ.

ಪರೀಕ್ಷೆ ಮಾಡೋದು ಸುಲಭ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತು, ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಆನ್ ಮಾಡು. ಆಗ ಪರದೆ ಬಿಟ್ಟು ಹೋದ ತಕ್ಷಣ ಅದನ್ನು ಸಿಸ್ಟಂ ಕೆಡವುತ್ತದೆ. ಫಾರಂ ತುಂಬಿ, ಬೇರೆ ಆ್ಯಪ್‌ಗೆ ಹೋಗಿ ವಾಪಸ್ ಬಾ. ತುಂಬಿದ್ದು ಹಾಗೇ ಇದೆಯಾ ನೋಡು. ಇಡೀ ಆ್ಯಪ್ ಸತ್ತಾಗ ಏನಾಗುತ್ತದೆ ಅನ್ನೋದನ್ನ ಬೇರೆಯಾಗಿ ನೋಡಬೇಕು, ಅದನ್ನೂ ಬಿಡಬೇಡ.

ಉತ್ತರ (ಚಿತ್ರದುರ್ಗ, ಊರೂರು ಸುತ್ತುವ ಸಿಬ್ಬಂದಿಗೆ ಆ್ಯಪ್ ಮಾಡುವವರು)

ಅಣ್ಣ ಹೇಳಿದ್ದು ಸರಿ. ನಾನು ನೆಟ್‌ವರ್ಕ್ ಬಗ್ಗೆ ಸೇರಿಸುತ್ತೇನೆ. ಪೇಟೆ ದಾಟಿ ಹಳ್ಳಿ ರಸ್ತೆಗೆ ಇಳಿದರೆ ಸಿಗ್ನಲ್ ಬರುತ್ತೆ, ಹೋಗುತ್ತೆ. ಹಾಗಾಗಿ ಸರ್ವರ್‌ಗೆ ಕಳಿಸಿ ಉತ್ತರ ಬಂದ ಮೇಲೇ ಉಳಿಯಿತು ಅನ್ನುವ ವಿನ್ಯಾಸ ಬೇಡ. ಮೊದಲು ಫೋನಿನೊಳಗೇ ಉಳಿಸಿ. ಆಂಡ್ರಾಯ್ಡ್‌ನಲ್ಲಿ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಇದ್ದೇ ಇದೆ, ಅದರ ಮೇಲೆ ರೂಂ ಅನ್ನುವ ಲೈಬ್ರರಿ (ಸಿದ್ಧ ಕೋಡ್) ಬಳಸಿದರೆ ಕೆಲಸ ಹಗುರ. ನೆಟ್ ಬಂದಾಗ ಕಳಿಸುವ ಕೆಲಸವನ್ನು, ಹಿನ್ನೆಲೆ ಕೆಲಸ ನೋಡಿಕೊಳ್ಳುವ ವರ್ಕ್‌ಮ್ಯಾನೇಜರ್ ಲೈಬ್ರರಿಗೆ ಒಪ್ಪಿಸಿ. ಬ್ಯಾಟರಿ ಉಳಿಸಲು ಅದು ತನ್ನದೇ ಹೊತ್ತು ನೋಡಿಕೊಳ್ಳುತ್ತದೆ. ಮತ್ತೆ ಮತ್ತೆ ಮಾಡುವ ಕೆಲಸಕ್ಕೆ 15 ನಿಮಿಷಕ್ಕಿಂತ ಕಡಿಮೆ ಅಂತರ ಕೊಡೋಕೆ ಆಗಲ್ಲ.

ಇಲ್ಲಿ ಒಂದು ಅಪಾಯ ಇದೆ. ನೆಟ್ ನಿಧಾನ ಇದ್ದಾಗ ಜನ ಗುಂಡಿಯನ್ನು ಎರಡೆರಡು ಸಲ ಒತ್ತುತ್ತಾರೆ. ಅಥವಾ ಸರ್ವರ್‌ಗೆ ಮುಟ್ಟಿರುತ್ತದೆ, ಉತ್ತರ ದಾರಿಯಲ್ಲಿ ಕಳೆದುಹೋಗಿರುತ್ತದೆ, ಆ್ಯಪ್ ಮತ್ತೆ ಕಳಿಸುತ್ತದೆ. 15 ಚೀಲ 30 ಆಗುತ್ತದೆ. ಅಂಗಡಿಯವರಿಗೂ ನಿಮ್ಮ ಮಾವನವರಿಗೂ ಸುಮ್ನೆ ಮನಸ್ತಾಪ. ಅದಕ್ಕೆ ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ವಿಶಿಷ್ಟ ಐಡಿ ಹುಟ್ಟಿಸಿ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಎರಡನೆಯದನ್ನು ಸೇರಿಸಬಾರದು.

ಇನ್ನು ಮೇನ್ ಥ್ರೆಡ್, ಅಂದರೆ ಆ್ಯಪ್‌ನ ಕೆಲಸಗಳು ಒಂದರ ಹಿಂದೊಂದು ಸಾಗುವ ಮುಖ್ಯ ಸಾಲು. ಪರದೆ ಬರೆಯೋದು, ಬೆರಳು ಒತ್ತಿದ್ದನ್ನು ಕೇಳೋದು ಎರಡೂ ಅದರದೇ ಕೆಲಸ. ಅಲ್ಲಿ ಭಾರದ ಕೆಲಸ ಕೂರಿಸಿದರೆ ಪರದೆ ಹೆಪ್ಪುಗಟ್ಟುತ್ತದೆ. ಒತ್ತಿ 5 ಸೆಕೆಂಡ್ ಆದರೂ ಸ್ಪಂದನೆ ಇಲ್ಲದಿದ್ದರೆ ಆಂಡ್ರಾಯ್ಡ್ ಬಳಸುವವರಿಗೆ ‘ಮುಚ್ಚಲಾ?’ ಅಂತ ಕೇಳಬಹುದು. ನೆಟ್‌ವರ್ಕ್ ಕೆಲಸವನ್ನಂತೂ ಮೇನ್ ಥ್ರೆಡ್‌ನಲ್ಲಿ ಮಾಡಲು ಬಿಡೋದೇ ಇಲ್ಲ, ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯುತ್ತದೆ. ಕೋಟ್ಲಿನ್‌ನ ಕೊರೊಟೀನ್ ಕಲಿಯಿರಿ, ಭಾರದ ಕೆಲಸವನ್ನು ಮೇನ್ ಥ್ರೆಡ್ ತಡೆಯದೆ ಮಾಡಿಸೋಕೆಂದೇ ಇದೆ.

ಉತ್ತರ (ಚಳ್ಳಕೆರೆ, ಎಣ್ಣೆ ಮಿಲ್ಲಿನ ಲೆಕ್ಕ ನೋಡಿ ಆಮೇಲೆ ಸಾಫ್ಟ್‌ವೇರ್‌ಗೆ ಬಂದವರು)

ನನ್ನದು ಲೆಕ್ಕದ ಮಾತು. ‘ಬಾಕಿ’ ಅಂತ ಒಂದು ಕಾಲಂ ಇಟ್ಟು ಅದನ್ನು ಕೂಡಿಸಿ, ಕಳೆದು ಬದಲಾಯಿಸುತ್ತಾ ಹೋಗಬೇಡಮ್ಮ. ಒಂದು ದಿನ ತಪ್ಪಾದರೆ ಎಲ್ಲಿ ತಪ್ಪಿತು ಅಂತ ಯಾರಿಗೂ ಗೊತ್ತಾಗಲ್ಲ. ಕೊಟ್ಟ ಚೀಲ ಒಂದು ನಮೂದು, ಬಂದ ದುಡ್ಡು ಇನ್ನೊಂದು ನಮೂದು. ಬಾಕಿಯನ್ನು ಅವುಗಳಿಂದ ಲೆಕ್ಕ ಹಾಕಿ ತೋರಿಸು. ತಪ್ಪಾಗಿ ಬರೆದದ್ದನ್ನು ಅಳಿಸದೆ ಎದುರು ನಮೂದು ಹಾಕಿಸು. ಲೆಕ್ಕದ ಪುಸ್ತಕದಲ್ಲೂ ನಾವು ಹಾಗೇ ಮಾಡೋದು ಅಲ್ವಾ?

ದುಡ್ಡನ್ನು ಡಬಲ್‌ನಲ್ಲಿ (ದಶಮಾಂಶ ಸಂಖ್ಯೆಯ ಬಗೆ) ಇಡಲೇಬೇಡ. ಜಾವಾದಲ್ಲಿ 0.1ಕ್ಕೆ 0.2 ಕೂಡಿಸಿ ನೋಡು, 0.30000000000000004 ಬರುತ್ತದೆ. ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ ಮಾಡು. ಶುರುವಿನಲ್ಲಿ ಪುಸ್ತಕ, ಆ್ಯಪ್ ಎರಡರಲ್ಲೂ ಬರೆಯಲಿ. ಸಂಜೆ ಕೂತು ತಾಳೆ ನೋಡಿ. ಎರಡೂ ಸರಿಹೋಗುತ್ತಿದೆ ಅಂತ ಮಾವನವರಿಗೆ ನಂಬಿಕೆ ಬರಬೇಕು.

ಉತ್ತರ (ದಾವಣಗೆರೆ, ಕೆಲಸಕ್ಕೆ ಸೇರಿ ಸ್ವಲ್ಪ ಕಾಲ ಆದವರು)

8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪ್‌ನೊಳಗಿನ ನಕಲಿ ಫೋನ್) ಓಡಿಸೋಕೆ ಹೋಗಬೇಡಿ, ಎಲ್ಲ ನಿಂತುಬಿಡುತ್ತದೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ ನಿಮ್ಮ ಫೋನಿನಲ್ಲೇ ಓಡಿಸಿ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ.

ಭಾಷೆ ಅಂದರೆ, ನಿಮಗೆ ಜಾವಾ ಬರುತ್ತದೆ, ಭಟ್ಟಿಯವರ ಹತ್ತಿರ ಇರೋದು ಆಂಡ್ರಾಯ್ಡ್ ಫೋನ್ ಆದರೆ ಕೋಟ್ಲಿನ್ ಹಿಡಿಯಿರಿ. 2019ರಿಂದ ಗೂಗಲ್ ಆಂಡ್ರಾಯ್ಡ್‌ಗೆ ಅದನ್ನೇ ಮುಂದಿಟ್ಟಿದೆ. ಒಂದೇ ಕೋಡ್‌ನಿಂದ ಐಫೋನ್‌ಗೂ ಬೇಕು ಅಂದರೆ ಫ್ಲಟರ್ ಒಳ್ಳೆಯದು. ಆದರೆ ಐಫೋನ್ ಆ್ಯಪ್ ಬಿಲ್ಡ್ ಮಾಡೋಕೆ ಹೇಗಿದ್ದರೂ ಮ್ಯಾಕ್ ಬೇಕು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಕೋಟ್ಲಿನ್ ಶುರು ಮಾಡುತ್ತೇನೆ. ಮಾವ ‘ಅಕ್ಷರ ದೊಡ್ಡದಿರಲಿ, ಕನ್ನಡದಲ್ಲೇ ಇರಲಿ’ ಅಂದಿದ್ದಾರೆ. ಮತ್ತೆ ಇದನ್ನು ಪ್ಲೇ ಸ್ಟೋರ್‌ಗೆ ಹಾಕಲೇಬೇಕಾ?

ಉತ್ತರ (ಮೊದಲು ಉತ್ತರಿಸಿದವರು)

ಕನ್ನಡ ಅಂದಿದ್ದು ಒಳ್ಳೆಯದಾಯಿತು. ಪದಗಳನ್ನೆಲ್ಲ ಕೋಡ್‌ನೊಳಗೆ ಹುದುಗಿಸದೆ ಸ್ಟ್ರಿಂಗ್ಸ್ ಫೈಲಿನಲ್ಲಿ ಇಡು. ಅಕ್ಷರದ ಅಳತೆಯನ್ನು ಎಸ್‌ಪಿ ಅನ್ನುವ ಮಾನದಲ್ಲಿ ಕೊಡು, ಫೋನಿನಲ್ಲಿ ಫಾಂಟ್ ದೊಡ್ಡದು ಮಾಡಿಕೊಂಡವರಿಗೆ ಆ್ಯಪ್‌ನಲ್ಲೂ ದೊಡ್ಡದಾಗುತ್ತದೆ. ಸಾಲಿನ ಎತ್ತರವನ್ನು ಮಾತ್ರ ಕಟ್ಟಿಹಾಕಬೇಡ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತವೆ. ಇಂಗ್ಲಿಷ್‌ಗೆ ಅಂತ ಅಳೆದ ಪೆಟ್ಟಿಗೆಯಲ್ಲಿ ‘ಮೊತ್ತ’ದ ಒತ್ತು ಕತ್ತರಿಸಿಹೋಗುತ್ತದೆ.

ಒಂದು ಭಟ್ಟಿಗೆ ಪ್ಲೇ ಸ್ಟೋರ್ ಬೇಕಿಲ್ಲ. ಎಪಿಕೆ ಫೈಲನ್ನು (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ನೀನೇ ಅವರ ಫೋನಿಗೆ ಹಾಕಿಕೊಡು. ಮುಂದೆ ಹಾಕುವುದಾದರೆ ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆ ಆದರೆ 12 ಜನರ ಕೈಲಿ ಸತತ 14 ದಿನ ಪರೀಕ್ಷೆ ಮಾಡಿಸಿದ ಮೇಲೆ ಬಿಡುಗಡೆಗೆ ಅರ್ಜಿ ಹಾಕಬಹುದು.

ನೀನೇ ಹಂಚುವಾಗ, ಆ್ಯಪ್ ನಿನ್ನದೇ ಅಂತ ಸಹಿ (ಸೈನ್) ಹಾಕಲು ಬಳಸಿದ ಕೀ ಫೈಲ್ ಜೋಪಾನ. ಅದು ಕಳೆದರೆ ಹೊಸ ಆವೃತ್ತಿ ಹಳೆಯದರ ಮೇಲೆ ಕೂರೋದಿಲ್ಲ. ಹಳೆಯ ಆ್ಯಪ್ ತೆಗೆದೇ ಹಾಕಬೇಕು, ತೆಗೆದರೆ ಫೋನಿನೊಳಗಿನ ಲೆಕ್ಕವೂ ಅದರ ಜೊತೆ ಹೋಗುತ್ತದೆ. ಕೀ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಡು. ಲೆಕ್ಕವನ್ನು ಫೈಲಾಗಿ ಹೊರಗೆ ತೆಗೆಯುವ ಗುಂಡಿಯನ್ನು ಮೊದಲ ಆವೃತ್ತಿಯಲ್ಲೇ ಸೇರಿಸು.