ಎಲ್‌ಇಡಿ ಡಿಸ್‌ಪ್ಲೇ ಕಂಪನಿ ಷೇರು 38ರಿಂದ 11ಕ್ಕ ಬಂದೈತಿ, ಆವರೇಜ್ ಮಾಡ್ಲೋ ಮಾರ್ಲೋ?

ಭೋಸರಿ_ಇಂಡಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಪುಣೆದಾಗ ಭೋಸರಿ ಎಂಐಡಿಸಿ (ಫ್ಯಾಕ್ಟರಿ ಏರಿಯಾ) ಒಳಗ ಸಿಎನ್‌ಸಿ ಆಪರೇಟರ್ ಅದೀನಿ, ಊರು ಇಂಡಿ ತಾಲೂಕು. ರೂಮಿನ್ಯಾಗಿನ ಗೆಳೆಯಾ ಹೇಳಿದ ಅಂತ ಒಂದು ಎಲ್‌ಇಡಿ ಡಿಸ್‌ಪ್ಲೇ ಕಂಪನಿ ಷೇರು ತಗೊಂಡೆ. ಹೆಸರು ಬರಿಯಂಗಿಲ್ಲ, ಬರದ್ರ ಕೆಲವ್ರು ಅದನ್ನ ನೋಡಿ ತಗೋತಾರ ಕೆಲವ್ರು ಹೆದರಿ ಮಾರ್ತಾರ, ಎರಡೂ ನನಗ ಬ್ಯಾಡ. ಸ್ಟೇಷನ್ನಿನ ಬೋರ್ಡು, ಮಂಗಲ ಕಾರ್ಯಾಲಯದ ವಿಡಿಯೋ ವಾಲು, ಚೌಕಿನ್ಯಾಗಿನ ದೊಡ್ಡ ಸ್ಕ್ರೀನು ಇಂಥಾವು ಮಾಡೋ ಕಂಪನಿ.

ಮೊದಲ 54 ರೂಪಾಯಿಗೆ 1200 ಷೇರು ತಗೊಂಡಿದ್ದೆ. ಬಿದ್ದ ಮ್ಯಾಲ ಅಗ್ಗ ಸಿಕ್ತು ಅಂತ 31.60ಕ್ಕ ಮತ್ತ 3000 ತಗೊಂಡೆ. ಒಟ್ಟು 4200, ಆವರೇಜ್ 38, ರೊಕ್ಕ 1,59,600. ಇವತ್ತ 11.60 ಐತಿ, ಮೂರು ದಿವಸ ಆತು ಬರೇ ಲೋವರ್ ಸರ್ಕಿಟ್ (ಒಂದು ದಿನದಾಗ ಇಳಿಯಾಕ ಬಿಡೋ ಕಡೀ ರೇಟು). ಅದರಾಗ 70 ಸಾವಿರ ನಮ್ಮಪ್ಪ ಲಿಂಬಿ ತೋಟಕ್ಕ ಬೋರ್ ಹಾಕ್ಸಾಕ ಅಂತ ನನ್ನ ಕಡೆ ಕೊಟ್ಟಿದ್ದ ರೊಕ್ಕ, ಇದು ಮನ್ಯಾಗ ಯಾರಿಗೂ ಗೊತ್ತಿಲ್ಲ.

ಟೆಲಿಗ್ರಾಮ್ ಗ್ರೂಪಿನ್ಯಾಗ ಏನ್ ಅಂತಾರಂದ್ರ ತೈವಾನಿನ ಪಾರ್ಟಿ ಬರಾಕತ್ತೈತಿ, 18 ರೂಪಾಯಿಗೆ ವಾರಂಟ್ (ಮುಂದ ಆ ರೇಟಿಗೆ ಷೇರು ತಗೊಳ್ಳೋ ಹಕ್ಕು) ತಗೋತಾರ, ದೊಡ್ಡಾವ್ರೇ 18 ಕೊಟ್ಟ ತಗೊಂಡ್ರ ನಮಗ 11ಕ್ಕ ಸಿಗೂದು ಲಾಟರಿ ಇದ್ದಂಗ ಅಂತ. ಮುಂದಿನ ತಿಂಗಳ ನನ್ನ ಭಿಶಿ (ಚೀಟಿ) ಎತ್ತಿದ್ರ 50 ಸಾವಿರ ಬರ್ತೈತಿ. ಅದನ್ನ ಹಾಕಿದ್ರ ಆವರೇಜ್ 25ರ ಒಳಗ ಬರ್ತೈತಿ. ಹಾಕ್ಲೋ, ಇದ್ದಷ್ಟ ಮಾರಿ ಕೈ ತೊಳ್ಕೊಳ್ಳೋ? ರಾತ್ರಿ ನಿದ್ದಿ ಬರವಲ್ದು, ತಿಳದಾವ್ರು ಹೇಳ್ರಿ.

ಠಾಣೆ_9000:

ಬ್ರದರ್ ಹೆದರಬೇಡಿ, ಬಹುಶಃ ಅದೇ ಕಂಪನಿ ನನ್ನ ಹತ್ರಾನೂ ಇದೆ, 9000 ಷೇರು. ಎಲ್ಲಿ ನೋಡಿದ್ರೂ ಸ್ಕ್ರೀನ್, ಮೆಟ್ರೋ ಸ್ಟೇಷನ್ನಲ್ಲಿ ಸ್ಕ್ರೀನ್, ಗಣೇಶೋತ್ಸವದ ಮಂಡಲದಲ್ಲಿ ಸ್ಕ್ರೀನ್, ಈ ಬಿಸಿನೆಸ್ ಸಾಯಲ್ಲ. 2021ರ ಡಿಸೆಂಬರ್‌ನಲ್ಲಿ ಸೆಂಟ್ರಲ್ ಗೌರ್ನಮೆಂಟ್ ಚಿಪ್ ಮತ್ತು ಡಿಸ್‌ಪ್ಲೇ ಇಂಡಸ್ಟ್ರಿಗೆ 76,000 ಕೋಟಿ ಸ್ಕೀಮ್ ತಂದಿದೆ, ಅದರ ಫಾಯ್ದಾ ಇಂಥ ಕಂಪನಿಗೆ ಬಂದೇ ಬರುತ್ತೆ ಅನ್ನೋದು ನನ್ನ ನಂಬಿಕೆ. ರುಚಿ ಸೋಯಾ ನೆನಪು ಮಾಡ್ಕೊಳ್ಳಿ, ದಿವಾಳಿ ಅಂದಿದ್ದ ಕಂಪನಿ, 2020ರ ಜನವರಿಯಲ್ಲಿ 17 ರೂಪಾಯಿ ಹತ್ರ ವಾಪಸ್ ಲಿಸ್ಟ್ ಆಗಿ ಜೂನ್ ಹೊತ್ತಿಗೆ 1500 ಮುಟ್ತು. ಮಾರಿದವರು ಎಷ್ಟು ಅತ್ತಿರಬೇಕು. ನಾನಂತೂ ಇನ್ನೂ 2000 ತಗೊಳ್ಳೋ ಯೋಚನೆಯಲ್ಲಿದೀನಿ.

ಮುಲುಂಡ್_ಅಕ್ಕ:

ನೋಡಪ್ಪ ಇಂಡಿ, ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ರಿಟೈರ್ ಆದವಳು, ಊರು ಸಾಗರ, ಮುಲುಂಡಿಗೆ ಬಂದು ಎಷ್ಟೋ ವರ್ಷ ಆಯ್ತು. ಮೊದಲು ಒಂದು ಮಾತು, ಭಿಶಿ ದುಡ್ಡು ಮುಟ್ಟಬೇಡ. ಆವರೇಜ್ 38 ಇತ್ತು 25 ಆಯ್ತು ಅನ್ನೋದು ನಿನ್ನ ಡಿಮ್ಯಾಟ್ ಸ್ಕ್ರೀನಲ್ಲಿ ಕಾಣೋ ಅಂಕಿ ಅಷ್ಟೆ, ಕಂಪನಿಗೆ ನೀನು ಎಷ್ಟಕ್ಕೆ ತಗೊಂಡೆ ಅಂತ ಗೊತ್ತೂ ಇಲ್ಲ. ಈಗ ನಿನ್ನ ಹತ್ರ ಇರೋದು 48,720 ರೂಪಾಯಿ, ಅದನ್ನ ಕ್ಯಾಶ್ ಅಂತ ಕೈಯಲ್ಲಿ ಕೊಟ್ರೆ ಇವತ್ತು ಇದೇ ಷೇರು ತಗೋತೀಯಾ? ಅಪ್ಪನ ಬೋರ್‌ವೆಲ್ ಹಾಕಿಸ್ತೀಯಾ?

ರುಚಿ ಸೋಯಾ ಮಾತು ಬಂತಲ್ಲ, ಠಾಣೆಯವರೇ ಅದರ ಇನ್ನರ್ಧ ಹೇಳಲಿಲ್ಲ. ಅಲ್ಲಿ ಹಳೆ ಷೇರುದಾರರ 100 ಷೇರು ಕಡಿತ ಮಾಡಿ 1 ಮಾಡಿದ್ರು. ಇಂಡಿಯ 4200 ಷೇರಿಗೆ ಅದೇ ಲೆಕ್ಕ ಹಾಕಿದ್ರೆ ಉಳಿಯೋದು 42. ಕಂಪನಿಯ ನೂರಕ್ಕೆ 99 ಪಾಲು ಹೊಸ ಮಾಲೀಕರ ಕೈಲಿತ್ತು, ಮಾರ್ಕೆಟ್ಟಲ್ಲಿ ಮಾರೋಕೆ ಷೇರೇ ಇರಲಿಲ್ಲ, ಅದಕ್ಕೇ ರೇಟು ಆ ಪರಿ ಏರಿದ್ದು.

ಸ್ಕ್ರೀನ್ ಬಿಸಿನೆಸ್ಸಿಂದೇ ಉದಾಹರಣೆ ಬೇಕಂದ್ರೆ ನಮ್ಮ ಮಹಾರಾಷ್ಟ್ರದ ವಿಡಿಯೋಕಾನ್ ನೋಡಿ. 2005ರಲ್ಲಿ ಫ್ರಾನ್ಸಿನ ಥಾಮ್ಸನ್‌ನಿಂದ ಪಿಕ್ಚರ್ ಟ್ಯೂಬ್ ಕಾರ್ಖಾನೆಗಳನ್ನ ತಗೊಂಡ್ರು, ಇಟಲಿ, ಪೋಲೆಂಡ್, ಮೆಕ್ಸಿಕೋ, ಚೀನಾ. ಜಗತ್ತು ಎಲ್‌ಸಿಡಿ ಕಡೆ ಹೊರಟಿದ್ದ ಸಮಯ ಅದು, ಟ್ಯೂಬಿನ ಟೀವಿ ಬೇಡವಾಗ್ತಾ ಬಂತು. ಆಮೇಲೆ ಬೇರೆ ಬೇರೆ ಧಂದೆಗೆ ಮಾಡಿದ ಸಾಲವೂ ಸೇರಿ 2018ರಲ್ಲಿ ಮುಂಬೈ ಎನ್‌ಸಿಎಲ್‌ಟಿಗೆ, ಅಂದ್ರೆ ಕಂಪನಿಗಳ ದಿವಾಳಿ ಕೇಸು ನೋಡೋ ಟ್ರಿಬ್ಯುನಲ್‌ಗೆ ಹೋಯ್ತು. ಗ್ರೂಪಿನ 13 ಕಂಪನಿ ಸೇರಿ ಸಾಲ ಕೊಟ್ಟವರಿಗೆ ಬರಬೇಕು ಅಂತ ಒಪ್ಪಿಕೊಂಡ ಕ್ಲೇಮು 64 ಸಾವಿರ ಕೋಟಿ ಮೇಲೆ, 2021ರ ಜೂನ್‌ನಲ್ಲಿ ಟ್ರಿಬ್ಯುನಲ್ ಒಪ್ಪಿದ, ಕಂಪನಿಗಳನ್ನ ಹೊಸಬರಿಗೆ ಕೊಡೋ ಪ್ಲಾನು 2,962 ಕೋಟಿದು. ಸಾಲ ಕೊಟ್ಟವರಿಗೇ ರೂಪಾಯಿಗೆ ಐದು ಪೈಸೆ ಇಲ್ಲ. ಷೇರುದಾರರಿಗೆ ಆ ಪ್ಲಾನಲ್ಲಿ ಸೊನ್ನೆ. 2022ರ ಜನವರಿಯಲ್ಲಿ ಅಪೀಲು ಟ್ರಿಬ್ಯುನಲ್ ಆ ಆರ್ಡರ್ ರದ್ದು ಮಾಡ್ತು ನಿಜ, ಅದು ಸಾಲ ಕೊಟ್ಟವರು ಮಾಡಿದ ಜಗಳದಿಂದ ಆಗಿದ್ದು.

ಯಾಕೆ ಹಿಂಗೆ ಅಂದ್ರೆ 2016ರ ದಿವಾಳಿ ಕಾಯ್ದೆಯ 53ನೇ ಸೆಕ್ಷನ್ನಲ್ಲಿ ಸಾಲು ಬರೆದಿಟ್ಟಿದಾರೆ. ಪ್ರೊಸೆಸ್ಸಿನ ಖರ್ಚು ಮೊದಲು, ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡವಿಟ್ಟುಕೊಂಡು ಸಾಲ ಕೊಟ್ಟವರು, ಆಮೇಲೆ ಉಳಿದ ನೌಕರರು, ಅಡವಿಲ್ಲದ ಸಾಲ, ಸರ್ಕಾರದ ಬಾಕಿ, ಇತರೆ ಬಾಕಿ, ಪ್ರಿಫರೆನ್ಸ್ ಷೇರಿನವರು. ಎಲ್ಲರದೂ ಮುಗಿದ ಮೇಲೆ ನಾವು ನೀವು. ನಾನು ಸಾಲದ ಮೇಜಿನ ಆ ಕಡೆ ಕೂತು ನೋಡಿದೀನಿ, ನಮಗೇ ಪೂರ್ತಿ ಬರ್ತಿರಲಿಲ್ಲ, ಷೇರುದಾರರ ವಿಷಯ ಮೀಟಿಂಗಲ್ಲಿ ಯಾರೂ ಎತ್ತುತ್ತಲೂ ಇರಲಿಲ್ಲ.

ವಾರಂಟ್ ವಿಷಯಾನೂ ತಿಳ್ಕೋ. 18 ರೂಪಾಯಿ ವಾರಂಟ್ ಅಂದ್ರೆ 18 ಕೊಟ್ರು ಅಂತಲ್ಲ. ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯ ನಿಯಮದಲ್ಲಿ ಮೊದಲು ಕಟ್ಟೋದು 25 ಪರ್ಸೆಂಟ್, ಅಂದ್ರೆ ನಾಲ್ಕೂವರೆ ರೂಪಾಯಿ, ಉಳಿದದ್ದಕ್ಕೆ 18 ತಿಂಗಳು ಟೈಮು. ರೇಟು ಏರದಿದ್ರೆ ಅವರು ನಾಲ್ಕೂವರೆ ಬಿಟ್ಟು ಎದ್ದು ಹೋಗಬಹುದು. ನೀನು 11.60 ಪೂರ್ತಿ ಕೊಡ್ತೀಯ. ಆನ್ಯುಯಲ್ ರಿಪೋರ್ಟ್ ತೆಗೆದು ಆಡಿಟರ್ ವರದಿ ಓದು, ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟು ನೋಡು, ಷೇರುಹೋಲ್ಡಿಂಗ್ ಪಟ್ಟಿಯಲ್ಲಿ ಪ್ರಮೋಟರ್ (ಕಂಪನಿ ನಡೆಸೋ ಮಾಲೀಕರು) ತಮ್ಮ ಷೇರು ಎಷ್ಟು ಅಡವಿಟ್ಟಿದಾರೆ ನೋಡು. ನೋಡಿ ಇಲ್ಲಿ ಬರಿ, ನಾನು ಓದ್ತೀನಿ.

ಲ್ಯಾಮಿಂಗ್ಟನ್_ರೋಡ್:

ನಾನು ಎಲ್‌ಇಡಿ ಲೈನಲ್ಲೇ ಇರುವವ, ಗ್ರಾಂಟ್ ರೋಡ್ ಸ್ಟೇಷನ್ ಹತ್ರ ಅಂಗಡಿ, ಊರು ಬ್ರಹ್ಮಾವರ ಕಡೆ. ಹೊರಗಿನವರಿಗೆ ಈ ಧಂದೆ ಗೊತ್ತಾಗುದಿಲ್ಲ ಹಾಗಾಗಿ ಬರೀತೇನೆ. ಮಾರಾಯ್ರೆ, ನಮ್ಮಲ್ಲಿ ಡಿಸ್‌ಪ್ಲೇ ಮಾಡುದು ಅಂದ್ರೆ ಹೆಚ್ಚಿನವರದ್ದು ಜೋಡಿಸುದು. ಮಾಡ್ಯೂಲ್ (ಎಲ್‌ಇಡಿ ಕೂರಿಸಿದ ತುಂಡು) ಚೀನಾದ ಶೆನ್‌ಜೆನ್‌ನಿಂದ ಬರ್ತದೆ, ಅದಕ್ಕೆ ಚಿತ್ರದ ಸಿಗ್ನಲ್ ಕೊಡುವ ರಿಸೀವಿಂಗ್ ಕಾರ್ಡೂ ಅಲ್ಲಿಂದ, ಪವರ್ ಸಪ್ಲೈಯೂ ಅಲ್ಲಿಂದ, ಇಲ್ಲಿ ಕ್ಯಾಬಿನೆಟ್ ಮಾಡಿ ಫ್ರೇಮಿಗೆ ಕೂರಿಸಿ ವೈರಿಂಗ್ ಮಾಡುದು. ಪಿ10 ಅಂದ್ರೆ ಒಂದು ಪಿಕ್ಸೆಲಿಂದ ಇನ್ನೊಂದಕ್ಕೆ 10 ಮಿಲಿಮೀಟರ್, ಪಿ2.5 ಅಂದ್ರೆ ಎರಡೂವರೆ. ಇದೇ ಮಾಲು ನನಗೂ ಸಿಗ್ತದೆ, ಪಕ್ಕದ ಅಂಗಡಿಯವನಿಗೂ ಸಿಗ್ತದೆ, ನಿಮ್ಮ ಕಂಪನಿಗೂ ಸಿಗ್ತದೆ. ಹಾಗಾದ ಮೇಲೆ ರೇಟು ಇಳಿಸಿದವನಿಗೇ ಆರ್ಡರ್, ಮಾರ್ಜಿನ್ ಎಲ್ಲಿಂದ ಬರಬೇಕು?

ಮತ್ತೆ ಪೇಮೆಂಟ್. ಮಾಲು ತರ್ಸುವಾಗ ಚೀನಾದವನಿಗೆ ಮುಂಗಡ ಕಳಿಸಬೇಕು. ಇಲ್ಲಿ ಟೆಂಡರಿನ ಕೆಲಸ ಆದ್ರೆ ಬಿಲ್ ಪಾಸಾಗ್ಲಿಕ್ಕೇ ತಿಂಗಳುಗಟ್ಟಲೆ, ಅದರಲ್ಲೂ ಸ್ವಲ್ಪ ದುಡ್ಡು ರಿಟೆನ್ಶನ್ ಅಂತ ವಾರಂಟಿ ಮುಗಿಯುವವರೆಗೆ ಹಿಡಿದಿಡ್ತಾರೆ. ಮಳೆಗಾಲದಲ್ಲಿ ಹೊರಗಿನ ಸ್ಕ್ರೀನಿಗೆ ನೀರು ಹೋಗಿ ಒಂದೊಂದೇ ಮಾಡ್ಯೂಲ್ ಸತ್ರೆ ಅದನ್ನು ಬದಲಿಸುವ ಖರ್ಚು ನಮ್ಮದೇ. ಒಂದು ಕಂಪನಿಗೆ ನಾನು ಕೊಟ್ಟ ಮಾಲಿನ ದುಡ್ಡು ಎರಡು ವರ್ಷದಿಂದ ಬಾಕಿ ಇದೆ, ಪೇಪರಲ್ಲಿ ಅವರಿಗೆ ಆರ್ಡರ್ ಬಂತು ಅಂತ ಓದಿದಾಗೆಲ್ಲ ನನಗೆ ಹೊಟ್ಟೆ ಉರೀತದೆ. ಹಾಗಾಗಿ ಆರ್ಡರ್ ಬಂತು ಅಂದಾಗ ದುಡ್ಡು ಬಂತಾ ಅಂತ ಕೇಳಿ.

ಠಾಣೆಯವರು ಸರ್ಕಾರದ ಸ್ಕೀಮ್ ಹೇಳಿದ್ರು. ಅದು ಚಿಪ್ ಮಾಡುವ, ಗಾಜಿನ ಮೇಲೆ ಪ್ಯಾನೆಲ್ ತಯಾರಿಸುವ ದೊಡ್ಡ ಫ್ಯಾಕ್ಟರಿಗೆ, ಸಾವಿರಾರು ಕೋಟಿ ಹಾಕುವವರಿಗೆ. 2025ರ ಮೇಯಲ್ಲಿ ಉತ್ತರ ಪ್ರದೇಶದ ಜೇವರ್‌ನಲ್ಲಿ ಎಚ್‌ಸಿಎಲ್ ಫಾಕ್ಸ್‌ಕಾನ್‌ನವರಿಗೆ ಮಂಜೂರಾದದ್ದು ಡಿಸ್‌ಪ್ಲೇ ಡ್ರೈವರ್ ಚಿಪ್ಪಿನದ್ದು, ಸ್ಕ್ರೀನ್ ಜೋಡಿಸುವ ಸಣ್ಣ ಕಂಪನಿಗೆ ಅದ್ರಿಂದ ನೇರ ದುಡ್ಡು ಇಲ್ಲ. ದೊಡ್ಡ ಪಾರ್ಟಿ ಬಂದ ಕೂಡ್ಲೆ ಕಂಪನಿ ಬದುಕ್ತದೆ ಅಂತಲೂ ಇಲ್ಲ. ಜಪಾನ್ ಡಿಸ್‌ಪ್ಲೇ ನೋಡಿ, ಸೋನಿ, ತೋಷಿಬಾ, ಹಿಟಾಚಿ ಮೂವರ ಡಿಸ್‌ಪ್ಲೇ ಧಂದೆ ಸೇರಿಸಿ ಸರ್ಕಾರದ ಫಂಡ್ ಹಾಕಿ 2012ರಲ್ಲಿ ಶುರು ಮಾಡಿದ್ರು, ಆಪಲ್‌ನಂಥ ಗಿರಾಕಿ, 2014ರ ಮಾರ್ಚಲ್ಲಿ 900 ಯೆನ್‌ಗೆ ಐಪಿಒ. ಆಪಲ್ ಓಎಲ್‌ಇಡಿ ಎನ್ನುವ ಬೇರೆ ಥರದ ಸ್ಕ್ರೀನ್ ಕಡೆ ಹೋಯ್ತು, ಇವರು ಹಿಂದೆ ಬಿದ್ರು, ವರ್ಷ ವರ್ಷ ನಷ್ಟ, ಷೇರು 100 ಯೆನ್‌ಗಿಂತ ಕೆಳಗೆ ಇಳೀತು. ಅಂಥವರಿಗೇ ಹೀಗಾಯ್ತು.

ಭೋಸರಿ_ಇಂಡಿ:

ಅಕ್ಕಾರ, ನಿನ್ನೆ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ರಾತ್ರಿ ಎರಡರ ತನಕ ರಿಪೋರ್ಟ್ ಓದೀನ್ರಿ, ಇಂಗ್ಲಿಷ್ ಅರ್ಧ ತಿಳೀಲಿಲ್ಲ ಆದ್ರೂ ನಂಬರ್ ತಿಳೀತು. ವರ್ಷದ ಸೇಲ್ಸ್ 48 ಕೋಟಿ, ಬರಬೇಕಾದ ಬಾಕಿ 61 ಕೋಟಿ. ಅಂದ್ರ ವರ್ಷಪೂರ್ತಿ ಮಾರಿದ್ದಕ್ಕಿಂತ ಜಾಸ್ತಿ ರೊಕ್ಕ ಹೊರಗ ಕುಂತೈತಿ. ಪ್ರಮೋಟರ್ ತಮ್ಮ ಷೇರಿನ್ಯಾಗ 74 ಪರ್ಸೆಂಟ್ ಅಡವ ಇಟ್ಟಾರ. ಆಡಿಟರ್ 'ಗೋಯಿಂಗ್ ಕನ್ಸರ್ನ್' ಅಂತ ಏನೋ ಬರದಾರ, ಕಂಪನಿ ನಡೀತೈತೋ ಇಲ್ಲೋ ಸಂಶಯ ಅಂತ ಅದರ ಅರ್ಥ ಏನ್ರಿ? ಇದೆಲ್ಲಾ ನಾನು ತಗೊಳ್ಳೂ ಮೊದಲಿನ ವರ್ಷದ ರಿಪೋರ್ಟಿನ್ಯಾಗೂ ಇತ್ತು, ಅದನ್ನ ನೋಡಿ ಮೈ ತಣ್ಣಗಾತು. ಈಗ ಮಾರ್ಬೇಕಂದ್ರ ಬೆಳಿಗ್ಗೆ ಆರ್ಡರ್ ಹಾಕಿದ್ರೂ ತಗೊಳ್ಳೋರ ಇಲ್ಲ, ಲೋವರ್ ಸರ್ಕಿಟಿನ್ಯಾಗ ಲಕ್ಷಗಟ್ಟಲೆ ಷೇರು ಮಾರಾಕ ನಿಂತಾವ. ಹೆಂಗ್ ಮಾಡ್ಲಿ?

ಮುಲುಂಡ್_ಅಕ್ಕ:

ಅರ್ಥ ಸರಿಯಾಗೇ ಮಾಡ್ಕೊಂಡಿದೀಯ. ಕಂಪನಿ ಮುಂದೆ ನಡೆಯೋ ಬಗ್ಗೆ ದೊಡ್ಡ ಅನುಮಾನ ಇದೆ ಅಂತ ಆಡಿಟರ್ ಕೈಯಾರೆ ಬರೆದಿರೋದು, ಅವರು ಸುಮ್ಮಸುಮ್ಮನೆ ಬರೆಯೋ ಮಾತಲ್ಲ.

ಲೋವರ್ ಸರ್ಕಿಟಲ್ಲಿ ಎಲ್ಲರದೂ ಒಂದೇ ರೇಟಾದ್ರಿಂದ ಯಾರು ಮೊದಲು ಹಾಕಿದ್ರು ಅನ್ನೋದ್ರ ಮೇಲೆ ಸರದಿ. ಬೆಳಿಗ್ಗೆ ಒಂಬತ್ತಕ್ಕೆ ಎದ್ದು ಹಾಕೋ ಬದಲು ರಾತ್ರಿನೇ ಬ್ರೋಕರ್ ಆಪ್‌ನಲ್ಲಿ ಎಎಂಒ (ಮಾರ್ಕೆಟ್ ಮುಚ್ಚಿದ ಮೇಲೆ ಹಾಕಿಡೋ ಆರ್ಡರ್) ಹಾಕಿಡು, ಮರುದಿನದ ಲೋವರ್ ರೇಟಿಗೇ ಹಾಕು. ಆಗದಿದ್ರೆ ಮತ್ತೆ ರಾತ್ರಿ ಹಾಕು, ಬೇಜಾರು ಮಾಡ್ಕೋಬೇಡ. ಟ್ರೇಡ್ ನಡೀತಿರುವಾಗಲೇ ಮಾರಿದ್ರೆ ನಷ್ಟ ಇನ್‌ಕಮ್ ಟ್ಯಾಕ್ಸ್ ರಿಟರ್ನಲ್ಲಿ ತೋರಿಸ್ಬಹುದು, ಸಸ್ಪೆಂಡ್ ಆದ್ಮೇಲೆ ಅದೂ ಕಷ್ಟ. ತಗೊಂಡು ಒಂದು ವರ್ಷದ ಒಳಗೆ ಮಾರಿದ ನಷ್ಟ ಶಾರ್ಟ್ ಟರ್ಮು, ಅದನ್ನ ಎರಡೂ ಥರದ ಲಾಭದಿಂದ ಕಳೀಬಹುದು. ವರ್ಷ ದಾಟಿದ್ದಾದ್ರೆ ಲಾಂಗ್ ಟರ್ಮ್ ಲಾಭದಿಂದ ಮಾತ್ರ. ಉಳಿದದ್ದು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದ್ರೆ ರಿಟರ್ನ್ ಕೊನೆ ದಿನದ ಒಳಗೆ ಹಾಕಲೇಬೇಕು.

ಇನ್ನೊಂದು, ಅಪ್ಪನಿಗೆ ಹೇಳು. ಫೋನಲ್ಲಿ ಬೇಡ, ಊರಿಗೆ ಹೋದಾಗ ಎದುರಿಗೆ ಕೂತು ಹೇಳು.

ಠಾಣೆ_9000:

61 ಕೋಟಿ ಬಾಕಿ ಅನ್ನೋದನ್ನ ನಾನು ನೋಡಿರಲಿಲ್ಲ, ಇವತ್ತು ನನ್ನ ಕಂಪನಿ ರಿಪೋರ್ಟ್ ತೆಗೆದೆ, ಅದೇ ನಂಬರ್. ಟೆಂಡರ್ ದುಡ್ಡು ಬಂದ್ರೆ ಕಂಪನಿ ಎದ್ದು ನಿಲ್ಲುತ್ತೆ ಅನ್ನೋ ಆಸೆ ನನಗಿನ್ನೂ ಪೂರ್ತಿ ಹೋಗಿಲ್ಲ, ಆದ್ರೆ ಆ 2000 ತಗೊಳ್ಳೋದು ನಿಲ್ಲಿಸಿದೆ. ಇಂಡಿಯವರೇ, ನಾನು ಮೊದಲು ಹಾಕಿದ ಮಾತು ನೋಡಿ ನೀವು ಭಿಶಿ ದುಡ್ಡು ಹಾಕಿದ್ರೆ ಅಂತ ನೆನೆದ್ರೆ ಸಂಕಟ ಆಗುತ್ತೆ. ಹಾಕ್ಬೇಡಿ.

ಭೋಸರಿ_ಇಂಡಿ:

ಅಕ್ಕಾರ ಹೇಳಿದಂಗ ರಾತ್ರಿ ಹಾಕಿಟ್ಟಿದ್ದೆ, ಇವತ್ತ 11.02ಕ್ಕ 2200 ಹೋದುವು. ಉಳದ 2000ಕ್ಕ ಈಗ ಮತ್ತ ಎಎಂಒ ಹಾಕಿನ್ರಿ. ಭಿಶಿ ಎತ್ತಿದ ರೊಕ್ಕ ಸೀದಾ ಅಪ್ಪನ ಖಾತೆಗೆ ಹಾಕಾಂವ. ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೊಂಟೀನಿ.