ಅಮೆರಿಕದ ಲೈಬ್ರರಿ ಕ್ಯಾಟಲಾಗಿನಲ್ಲಿ ಕನ್ನಡ ಸಿನಿಮಾ ಹುಡುಕೋದು ಹೇಗೆ?

ಹೊಂಗೆನೆರಳು:
ಕೌಂಟಿ ಲೈಬ್ರರಿ ಸೈಟಿನಲ್ಲಿ ‘ಚೋಮನ ದುಡಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಸೊನ್ನೆ. ‘ಕನ್ನಡ’ ಅಂತ ಹಾಕಿದರೆ ಬರೀ ವ್ಯಾಕರಣ, ನಿಘಂಟು. ಡಿವಿಡಿ ನಿಜಕ್ಕೂ ಇಲ್ಲವೋ, ಹುಡುಕುವ ರೀತಿ ತಪ್ಪೋ?

ಸೂಚಿಪೆಟ್ಟಿಗೆ:
ಮೊದಲು ಸ್ಪೆಲ್ಲಿಂಗ್ ನೋಡಿ. ಕ್ಯಾಟಲಾಗಿನ ಎಷ್ಟೋ ದಾಖಲೆಗಳು ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಲಿಪ್ಯಂತರದಲ್ಲಿ, ಅಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅವರ ಕ್ರಮದಲ್ಲಿ ಇರುತ್ತವೆ. ಅದರಲ್ಲಿ ‘ಚ’ಕ್ಕೆ ಬರೀ ಸಿ, ಸಿ-ಎಚ್ ಹಾಕಿದರೆ ಅದು ‘ಛ’. ಶ, ಷ ಎರಡಕ್ಕೂ ಎಸ್ಸೇ, ಮೇಲೆ ಗೀಟು ಅಥವಾ ಕೆಳಗೆ ಚುಕ್ಕಿ ಮಾತ್ರ ವ್ಯತ್ಯಾಸ. ಸಾಮಾನ್ಯವಾಗಿ ಗೀಟು-ಚುಕ್ಕಿ ಟೈಪ್ ಮಾಡಬೇಕಿಲ್ಲ. ಅಂದರೆ ‘ಚೋಮನ’ ಅನ್ನೋದು ಸಿ-ಒ-ಎಂ-ಎ-ಎನ್-ಎ. ‘ವಂಶವೃಕ್ಷ’ ಇನ್ನೂ ಕೈಕೊಡುತ್ತೆ: ‘ವೃ’ಗೆ ವಿ-ಆರ್ ಅಷ್ಟೇ, ಐ ಇಲ್ಲ, ‘ಕ್ಷ’ಕ್ಕೆ ಕೆ-ಎಸ್-ಎ. ಡಿವಿಡಿ ಕವರಿನ ಇಂಗ್ಲಿಷ್ ಹೆಸರನ್ನೇ ಹಾಗೇ ಇಳಿಸಿರುವುದೂ ಉಂಟು, ಹಾಗಾಗಿ ಎರಡೂ ಬಗೆಯಲ್ಲಿ ಹುಡುಕಿ.

ಆಮೇಲೆ ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ, ಹೆಸರಿನ ಜಾಗ ಖಾಲಿ ಬಿಟ್ಟು ಭಾಷೆ ಕನ್ನಡ, ಫಾರ್ಮ್ಯಾಟ್ ಡಿವಿಡಿ ಆರಿಸಿ. ಭಾಷೆಯ ಕೋಡ್ ಕೇಳಿದರೆ ಕೆ-ಎ-ಎನ್. ಕೆಲವು ಕ್ಯಾಟಲಾಗುಗಳಲ್ಲಿ ಕನ್ನಡ ಡಬ್ಬಿಂಗ್ ಅಥವಾ ಸಬ್‌ಟೈಟಲ್ ಇರುವ ಪರಭಾಷಾ ಚಿತ್ರಗಳೂ ಸಾಲಿಗೆ ಸೇರುತ್ತವೆ. ದಾಖಲೆ ತೆರೆದು ಭಾಷೆಯ ಟಿಪ್ಪಣಿ ಓದಿ. ನಿರ್ದೇಶಕರ ಹೆಸರಿನ ಮೇಲೆ ಕ್ಲಿಕ್ ಮಾಡೋದು ನನ್ನ ಮಟ್ಟಿಗೆ ಅತ್ಯುತ್ತಮ ದಾರಿ, ಒಂದು ಸಿಕ್ಕಿದರೆ ಅವರ ಉಳಿದವೂ ಒಟ್ಟಿಗೆ ಸಿಗುತ್ತವೆ.

ತುಂಬೆಹೂವು:
ನಿಮ್ಮಲ್ಲಿ ಇಲ್ಲದಿದ್ದರೆ ಹಲವು ಲೈಬ್ರರಿಗಳ ಒಟ್ಟು ಕ್ಯಾಟಲಾಗಾದ ವರ್ಲ್ಡ್‌ಕ್ಯಾಟ್‌ನಲ್ಲಿ ಇದೇ ಸ್ಪೆಲ್ಲಿಂಗ್ ಹಾಕಿ. ಸಿಕ್ಕ ದಾಖಲೆಯ ಓಸಿಎಲ್‌ಸಿ ನಂಬರನ್ನು (ಅಲ್ಲಿ ಪ್ರತಿ ದಾಖಲೆಗೂ ಇರುವ ಗುರುತಿನ ಸಂಖ್ಯೆ) ಅಂತರಗ್ರಂಥಾಲಯ ಎರವಲಿನ, ಅಂದರೆ ಬೇರೆ ಲೈಬ್ರರಿಯಿಂದ ತರಿಸಿಕೊಳ್ಳುವ ಫಾರ್ಮಿನಲ್ಲಿ ಬರೆಯಿರಿ. ಬರೀ ಹೆಸರು ಕೊಟ್ಟರೆ ಸಿನಿಮಾ ಬದಲು ಅದೇ ಹೆಸರಿನ ಕಾದಂಬರಿ ಬರಬಹುದು! ಡಿವಿಡಿಗಳನ್ನು ಹೊರಗೆ ಕಳಿಸದ ಲೈಬ್ರರಿಗಳು ಬಹಳ. ಇಬ್ಬರು ಮೂವರು ಕೊಡುವವರಿದ್ದರೆ ಕೆಲಸ ಆಗುತ್ತೆ. ಲೈಬ್ರರಿ ಕಾರ್ಡ್ ಇದ್ದರೆ ಆನ್‌ಲೈನಿನಲ್ಲಿ ಸಿನಿಮಾ ತೋರಿಸುವ ಕ್ಯಾನೋಪಿ, ಹೂಪ್ಲಾ ಕೂಡ ನೋಡಿ. ಅಲ್ಲಿನ ಚಿತ್ರಗಳು ಲೈಬ್ರರಿಯ ಮುಖ್ಯ ಕ್ಯಾಟಲಾಗಿನಲ್ಲಿ ಕಾಣಲೇಬೇಕೆಂದಿಲ್ಲ.

ಗಿರಗಟ್ಲೆ:
ತರುವ ಮೊದಲು ಡಬ್ಬಿಯ ಹಿಂಬದಿಯಲ್ಲಿ ಭೂಗೋಳದ ಪುಟ್ಟ ಚಿತ್ರದೊಳಗಿನ ಅಂಕಿ ನೋಡಿ. ಅದು ಡಿವಿಡಿ ಯಾವ ಪ್ರದೇಶದ ಪ್ಲೇಯರಿಗೆ ಅನ್ನುವ ಸಂಖ್ಯೆ: ಭಾರತಕ್ಕೆ 5, ಅಮೆರಿಕಕ್ಕೆ 1. ‘0’ ಅಥವಾ ‘ಆಲ್’ ಇದ್ದರೆ ಪ್ರದೇಶದ ಅಡ್ಡಿಯಿಲ್ಲ, 5 ಮಾತ್ರ ಇದ್ದರೆ ಅಲ್ಲಿನ ಮಾಮೂಲಿ ಪ್ಲೇಯರ್ ತಿರಸ್ಕರಿಸುತ್ತೆ. ದಾಖಲೆಯಲ್ಲಿ ವಿಸಿಡಿ (ವಿಡಿಯೊ ಸಿಡಿ) ಅಂತಿದ್ದರೆ ಒಂದು ತಟ್ಟೆಯಲ್ಲಿ ಹಿಡಿಯೋದು ಸುಮಾರು 74ರಿಂದ 80 ನಿಮಿಷ. ಪೂರ್ಣ ಚಿತ್ರಕ್ಕೆ ಎರಡೋ ಮೂರೋ ತಟ್ಟೆ ಬೇಕು. ಕೌಂಟರಿನಲ್ಲೇ ಡಬ್ಬಿ ಬಿಚ್ಚಿ ಎಣಿಸಿಕೊಳ್ಳಿ, ಕೊನೆಯ ತಟ್ಟೆ ಇಲ್ಲದಿದ್ದರೆ ಕ್ಲೈಮ್ಯಾಕ್ಸೇ ಇಲ್ಲ.