ಕಾಂಪೌಂಡ್ ಬಿಟ್ಟು ಸಾಂಪ್ರದಾಯಿಕ ಬಿಲ್ಲಿಗೆ: ಸೈಟ್ ಇಲ್ಲದೆ ಗುರಿ ಹಿಡಿಯುವುದು ಹೇಗೆ?

ಪ್ರಶ್ನೆ: ಐದು ವರ್ಷಗಳಿಂದ ಎಳೆತದ ಭಾರ 50 ಪೌಂಡಿರುವ ಕಾಂಪೌಂಡ್ (ತುದಿಗಳಲ್ಲಿ ರಾಟೆಗಳಿರುವ) ಬಿಲ್ಲು ಬಳಸುತ್ತಿದ್ದೇನೆ. ಗುರಿ ಹಿಡಿಯುವ ಸೈಟ್, ಹೆದೆಯಲ್ಲಿ ಇಣುಕುವ ಪೀಪ್, ಹೆದೆ ಬಿಡುವ ರಿಲೀಸ್ ಎಲ್ಲವೂ ಬೇಸರ ತಂದಿವೆ. 45 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ, ರಾಟೆಯಿಲ್ಲದ ಬಿಲ್ಲು) ಕೊಂಡು, ಇರುವ ಕಾರ್ಬನ್ ಬಾಣಗಳಲ್ಲೇ ಶುರು ಮಾಡಬೇಕೆಂದಿದ್ದೇನೆ. ಸಹಜಗುರಿ, ಅಂದರೆ ಸೈಟ್ ಇಲ್ಲದೆ ಗುರಿಯನ್ನಷ್ಟೇ ನೋಡಿ ಬಾಣ ಬಿಡುವುದು, ಎಲ್ಲರಿಗೂ ಒಲಿಯುತ್ತದೆಯೇ?

ಉತ್ತರ (ತರಬೇತುದಾರ): 45 ಪೌಂಡು ಬೇಡವೇ ಬೇಡ. ನಿಮ್ಮ ಕಾಂಪೌಂಡಿನ ಲೆಟ್-ಆಫ್ (ಪೂರ್ತಿ ಎಳೆದಾಗ ಇಳಿಯುವ ಭಾರ) ಶೇ 80 ಇದ್ದರೆ, ಪೂರ್ತಿ ಎಳೆದು ನಿಂತಾಗ ಕೈ ಹೊರುವುದು ಬರೀ 10 ಪೌಂಡು. ರಿಕರ್ವಿನಲ್ಲಿ ಎಳೆದಷ್ಟೂ ಭಾರ ಏರುತ್ತದೆ. ಕೈ ಕೆನ್ನೆಗೆ ಬರುವ ಹೊತ್ತಿಗೆ ಅಷ್ಟೂ ಪೌಂಡು ಮೂರು ಬೆರಳುಗಳ ಮೇಲೆ. ನಿಲ್ಲಲಾಗದೆ ಹೆದೆಯನ್ನು ಅವಸರದಲ್ಲಿ ಬಿಡುವ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. 25ರಿಂದ 30 ಪೌಂಡು ಕೊಳ್ಳಿ. ಟೇಕ್‌ಡೌನ್ (ಬಿಚ್ಚಿ ಜೋಡಿಸುವ ಬಿಲ್ಲು) ಆದರೆ ಮುಂದೆ ಲಿಂಬ್‌ಗಳನ್ನಷ್ಟೇ (ಬಾಗುವ ತೋಳುಗಳನ್ನಷ್ಟೇ) ಬದಲಿಸಿಕೊಳ್ಳಬಹುದು. ಹೆದೆ ಏರಿಸಲು ಸ್ಟ್ರಿಂಗರ್ ಎಂಬ ಹಗ್ಗ ಬಳಸಿ. ಕಾಲಿನ ನಡುವೆ ಬಾಗಿಸಿ ಏರಿಸುವ ಸಾಹಸಕ್ಕೆ ಒಂದು ಲಿಂಬ್ ತಿರುಚಿಹೋದದ್ದನ್ನು ಕಂಡಿದ್ದೇನೆ. ಅದು ನನ್ನದೇ.

ಸಹಜಗುರಿ ಎಂಬ ಹೆಸರೇ ಹಲವರ ದಾರಿ ತಪ್ಪಿಸಿದೆ. ಮಾವಿನಕಾಯಿಗೆ ಕಲ್ಲು ಬೀಸುವ ಹುಡುಗ ದೂರ ಅಳೆಯುವುದಿಲ್ಲ, ತನ್ನ ಕೈ ನೋಡುವುದಿಲ್ಲ, ಕಾಯಿಯನ್ನೇ ನೋಡುತ್ತಾನೆ. ಆದರೆ ಅದಕ್ಕೂ ಮುಂಚೆ ಅವನು ಎಸೆದ ಕಲ್ಲುಗಳಿಗೆ ಲೆಕ್ಕವಿಲ್ಲ. ನಿಮಗೂ ಅಷ್ಟೇ. ಪ್ರತಿ ಸಲವೂ ಬೆರಳು ಬಾಯಿಯ ಅಂಚಿನ ಅದೇ ಜಾಗಕ್ಕೆ ಬಾರದಿದ್ದರೆ ಮಿದುಳು ಕಲಿಯುವುದಾದರೂ ಏನನ್ನು? ಅದಕ್ಕೇ ಮೊದಲ ಮೂರು ವಾರ ಗುರಿಯ ಹಾಳೆಯೇ ಬೇಡ. ಹುಲ್ಲಿನ ದಿಂಡಿನಿಂದ ಎರಡು ಮೀಟರ್ ದೂರದಲ್ಲಿ ನಿಂತು, ಎಳೆದ ಮೇಲೆ ಕಣ್ಣು ಮುಚ್ಚಿ ಬಿಡಿ. ಆಮೇಲೆ ಎಂಟು-ಹತ್ತು ಮೀಟರಿಗೆ ಹೋಗಿ. ಅಲ್ಲಿ ಇಡೀ ಹಾಳೆಯನ್ನಲ್ಲ, ನಾಣ್ಯದಷ್ಟು ಚುಕ್ಕೆಯನ್ನು ನೋಡಿ. ಬೆನ್ನು ದಣಿದರೆ ಅಂದಿಗೆ ಮುಗಿಯಿತು.

ಹಳೆಯ ಬಾಣಗಳು ಬಹುಶಃ ಉಪಯೋಗಕ್ಕೆ ಬಾರವು. ಬಾಣ ಬಿಲ್ಲಿನ ಬದಿಯಿಂದ ಬಳುಕಿ ಹೋಗಬೇಕು. 50 ಪೌಂಡಿನ ಕಾಂಪೌಂಡಿಗೆ ಆರಿಸಿದ ಬಾಣ 30 ಪೌಂಡಿಗೆ ಬಳುಕದಷ್ಟು ಗಡಸು. ಜೊತೆಗೆ ಪ್ಲಾಸ್ಟಿಕ್ ರೆಕ್ಕೆ ಬಾಣ ಕೂರುವ ಬಿಲ್ಲಿನ ಶೆಲ್ಫ್‌ಗೆ ತಾಗಿ ಬಾಣವನ್ನು ಚಿಮ್ಮಿಸುತ್ತದೆ. ಹಕ್ಕಿಯ ಗರಿ ಮಡಚಿಕೊಂಡು ದಾಟುತ್ತದೆ.

ಇನ್ನೊಬ್ಬ ಸದಸ್ಯರು: ಬಾಣದ ಮೊನೆ ನೋಡಿ ಅಂತರ ಲೆಕ್ಕ ಹಾಕುವ ಗ್ಯಾಪ್ ವಿಧಾನವೇ ಮೇಲಲ್ಲವೇ?

ಉತ್ತರ: ಅಂಕಗಳೇ ಮುಖ್ಯವಾದರೆ ಹೌದು. ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ಹೊರಾಂಗಣ ಬೇರ್‌ಬೋ (ಸೈಟ್ ಇಲ್ಲದ ಬಿಲ್ಲಿನ) ಸ್ಪರ್ಧೆಯ ದೂರ 50 ಮೀಟರ್; ಅಲ್ಲಿಗೆ ಬರಿಯ ಸಹಜಗುರಿಯನ್ನು ನೆಚ್ಚಿ ಹೋಗಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ. ಆದರೆ ಇವರು ಬೇಸತ್ತಿರುವುದೇ ಲೆಕ್ಕದಿಂದ.

ಮೊದಲ ಪ್ರಶ್ನೆ ಕೇಳಿದವರು (ಎರಡು ತಿಂಗಳ ನಂತರ): 28 ಪೌಂಡು, ಹೊಸ ಬಾಣ. ಹತ್ತು ಮೀಟರಿನಲ್ಲಿ ಬಾಣಗಳು ಒಂದೆಡೆ ಸೇರುತ್ತಿವೆ, ಆದರೆ ಎಲ್ಲವೂ ಎಡಕ್ಕೆ. ನಾನು ಬಲಗೈಯವನು.

ಉತ್ತರ: ಒಂದೆಡೆ ಸೇರುತ್ತಿವೆಯಲ್ಲ, ಅದೇ ಕಷ್ಟದ ಕೆಲಸ. ಗರಿಯಿಲ್ಲದ ಒಂದು ಬಾಣವನ್ನೂ ಜೊತೆಗೆ ಬಿಡಿ. ಅದು ಉಳಿದವುಗಳಿಗಿಂತ ಎಡಕ್ಕೆ ಬಿದ್ದರೆ ಬಾಣ ಇನ್ನೂ ಗಡಸು. ಭಾರದ ಮೊನೆ ಹಾಕಿ. ಅದೂ ಗುಂಪಿನಲ್ಲೇ ಸೇರಿದರೆ ನಿಮ್ಮ ಬಲಗೈಯ ಮೇಲೆ ನನ್ನ ಅನುಮಾನ. ಯಾರಿಗಾದರೂ ಮೊಬೈಲಿನಲ್ಲಿ ಹಿಂದಿನಿಂದ ವಿಡಿಯೊ ಮಾಡಲು ಹೇಳಿ. ಹೆದೆ ಬಿಟ್ಟ ಕೈ ಕೆನ್ನೆ ಸವರಿಕೊಂಡು ಹಿಂದಕ್ಕೆ ಹೋಗಬೇಕು, ಹೊರಕ್ಕೆ ಹಾರಬಾರದು.